ದಸ್ತಗೀರನ ಲೈನು

"ನೋಡು ರಾಮಾಂಜಿ, ನೀನೇ ನೋಡು" ಎಂದು ದಸ್ತಗೀರ್ ಸೈಕಲ್ಲಿನ ಹಿಂದಿದ್ದ ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದ. ಬೆಳಿಗ್ಗೆ ಬೇಕರಿಯಿಂದ ತುಂಬಿಕೊಂಡು ಹೋದ ಬ್ರೆಡ್ಡು ಹೋದ ಹಾಗೆಯೇ ವಾಪಸು ಬಂದಿತ್ತು. ಮೇಲಿನ ಸಾಲಿನಲ್ಲಿ ಒಂದೆರಡು ಜಾಗ ಮಾತ್ರ ಖಾಲಿ. ರಾಮಾಂಜಿನಪ್ಪ ಬಗ್ಗಿ ನೋಡಿದ. ನೋಡದಿದ್ದರೂ ಅವನಿಗೆ ಗೊತ್ತಿತ್ತು. ದಸ್ತಗೀರ್ ಕೆಲಸಕ್ಕೆ ಮರಳಿದ ದಿನದಿಂದ ಅವನು ಹೆದರಿಕೊಂಡಿದ್ದದ್ದು ಇದಕ್ಕೇ.

"ಏನಾಯ್ತು ಭಾಯ್?" ಎಂದು ಕೇಳಿದ. ಕೇಳದೆ ಇರುವುದಕ್ಕಾಗುತ್ತದೆಯೇ?

"ಏನಾಯ್ತೋ ಖುದಾಗೇ ಗೊತ್ತು. ಗೇಟ್ ಹತ್ರ ನಿಂತು ಕೂಗಿದ್ರೆ ಒಳಗಿಂದಾನೇ ಬೇಡ ಬೇಡ ಅಂತಾರೆ. ಮುಂಚೆ ಮಕ್ಕಳು ಓಡ್ಬರೋವು. ಈಗ ನನ್ನ ನೋಡಿದ ತಕ್ಷಣ ಅವನ್ನ ಒಳಗೆ ಎಳ್ಕೊಳ್ತಾರೆ. ನಾನೇನು ಮಕ್ಕಳ ಹಿಡ್ಕೊಂಡು ಹೋಗೋನಾ, ಹೇಳು?"

ರಾಮಾಂಜಿನಪ್ಪ ಅಂಗಳದ ಕಡೆ ತಿರುಗಿದ. ಶಿವಾಜಿನಗರದ ಆ ಬೇಕರಿಯ ಹಿಂದಿನ ಅಂಗಳದಲ್ಲಿ ಮಿಕ್ಕ ಲೈನಿನವರು ಖಾಲಿ ಪೆಟ್ಟಿಗೆಗಳನ್ನು ಕವುಚಿ ಪುಡಿ ಝಾಡಿಸುತ್ತಿದ್ದರು. ಗುಬ್ಬಿಗಳು ಅದಕ್ಕಾಗಿಯೇ ಕಾದಿದ್ದವು.

ಬ್ರೆಡ್ಡಿನ ಲೈನು ಎಂದರೆ ಒಂದು ಸೈಕಲ್ಲು, ಒಂದು ಪೆಟ್ಟಿಗೆ, ಒಂದಿಷ್ಟು ಬೀದಿ. ಕಾಗದ ಪತ್ರ ಏನೂ ಇಲ್ಲ. ಈ ಬೀದಿ ಇಂಥವನದು ಎಂದು ಅಂಗಳದವರೆಲ್ಲ ಒಪ್ಪಿಕೊಂಡರೆ ಅವನೇ ಅದಕ್ಕೆ ಮಾಲೀಕ. ಆದರೆ ಬೇಕರಿಯ ಮಾಲು ಅಂಗಳ ದಾಟಿತೋ, ಆಮೇಲೆ ಅದು ಮಳೆಯಲ್ಲಿ ನೆನೆದರೂ ಸರಿ, ಮಾರದೆ ಉಳಿದರೂ ಸರಿ, ವಾಪಸು ತೆಗೆದುಕೊಳ್ಳುವವರಿಲ್ಲ. ಮಾಲೀಕತನದ ಸುಖ ಅಷ್ಟೇ. ದಸ್ತಗೀರನದು ಕುಕ್ ಟೌನ್ ಲೈನು. ಅಲ್ಲಿಯ ಬಂಗಲೆಗಳವರು ದಿನ ಬೆಳಗಾದರೆ ಬ್ರೆಡ್ಡು ತಿನ್ನುವವರು. ರಾಮಾಂಜಿನಪ್ಪನದು ಹಲಸೂರು ದಾಟಿ ಇಂದಿರಾನಗರದ ಲೈನು. ಅದು ಆಗಿನ್ನೂ ಹೊಸ ಬಡಾವಣೆ. ಇನ್ಶೂರೆನ್ಸಿನವರು, ಫ್ಯಾಕ್ಟರಿಯವರು ಸಾಲ ಮಾಡಿ ಕಟ್ಟಿದ ಮನೆಗಳು. ಅವರಿಗೆ ಬ್ರೆಡ್ಡು ಎಂದರೆ ಜ್ವರದ ಪಥ್ಯ. ಮಗುವಿನ ಮೈ ಸುಟ್ಟ ದಿನ ಬಾಗಿಲು ತೆಗೆದು "ಅರ್ಧ ಪೌಂಡ್ ಇದ್ಯೇನಪ್ಪ?" ಎನ್ನುವರು. ಜ್ವರ ಇಳಿದರೆ ಮತ್ತೆ ಉಪ್ಪಿಟ್ಟು. ಮನೆಮನೆಗೂ ಫ್ಲೂ ಬಂದ ವರ್ಷ ರಾಮಾಂಜಿನಪ್ಪ ಹೆಂಡತಿಗೆ ಹೊಸ ಸೀರೆ ತಂದಿದ್ದ. ಅಂಥ ವ್ಯಾಪಾರ ಅದು.

ಬೇಸಿಗೆಯಲ್ಲಿ ದಸ್ತಗೀರ್ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಬೌರಿಂಗ್ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಒಬ್ಬ ಮಲಗಿದರೆ ಇನ್ನೊಬ್ಬ ಅವನ ಲೈನು ಹಿಡಿಯುವುದು ಆ ಅಂಗಳದ ಪದ್ಧತಿ. ಹಿಡಿದವನು ಗೇಟಿನಲ್ಲಿ ತನ್ನ ಹೆಸರು ಕೂಗುವಂತಿಲ್ಲ, ಮಲಗಿದವನ ಹೆಸರನ್ನೇ ಕೂಗಬೇಕು. ಲೈನು ಯಾರದೆಂದು ಗಿರಾಕಿಗಳಿಗೆ ಮರೆಯಬಾರದಲ್ಲ. ರಾಮಾಂಜಿನಪ್ಪ ತಾನಾಗಿ ಮುಂದೆ ಬಂದ. ತನ್ನ ಜ್ವರದ ಮನೆಗಳನ್ನು ಮಧ್ಯಾಹ್ನಕ್ಕೆ ತಳ್ಳಿ, ಬೆಳಗಾದರೆ "ದಸ್ತಗೀರ್ ಬ್ರೆಡ್!" ಎಂದು ಕೂಗುತ್ತ ಕುಕ್ ಟೌನ್ ಸುತ್ತಿದ. ಆ ಕೂಗಿನಲ್ಲಿ ಅವನು ಒಂದು ದಿನವೂ ತಪ್ಪಲಿಲ್ಲ.

ಮೊದಮೊದಲು ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಆಮೇಲೆ ಆ ಬೀದಿಗಳ ರುಚಿ ಹತ್ತಿತು. ಮರದ ನೆರಳು, ಕಾದು ನಿಂತ ಆಳುಗಳು, ಬಿಸಿಲೇರುವ ಮುಂಚೆ ಖಾಲಿಯಾಗುವ ಪೆಟ್ಟಿಗೆ. ಮಳೆಗಾಲದ ಒಂದು ಬೆಳಿಗ್ಗೆ, ಮೂಲೆ ಬಂಗಲೆಯ ಶಾಂತಕುಮಾರಿ ಗೇಟಿಗೆ ಬಂದಿದ್ದರು. ರೈಲ್ವೆ ಆಫೀಸರರ ಹೆಂಡತಿ. ಅವರು ಏನು ತೆಗೆದುಕೊಂಡರೆ ಅಕ್ಕಪಕ್ಕದ ಮನೆಗಳವರೂ ಅದನ್ನೇ ತೆಗೆದುಕೊಳ್ಳುತ್ತಿದ್ದರು.

"ದಸ್ತಗೀರ್ ಯಾವಾಗಪ್ಪ ಬರೋದು? ನಮ್ಮತ್ತೆ ಕಾಲದಿಂದ ಅವನೇ ಹಾಕ್ತಿದ್ದಿದ್ದು. ಬರೀ ಕಾಲಿಗೆ ಇಷ್ಟು ತಿಂಗಳಾ? ಬೇರೆ ಏನೂ ಇಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ರಾಮಾಂಜಿನಪ್ಪ ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದ.

"ಅಯ್ಯೋ! ಟೀಬೀನಾ?"

"ನಾನು ಹೇಳ್ದೆ ಅನ್ಬೇಡಿ ಅಮ್ಮಾವ್ರೇ" ಎಂದ.

ಅವತ್ತು ಮಧ್ಯಾಹ್ನ ಇಂದಿರಾನಗರದಲ್ಲಿ ಅವನಿಗೆ ಯಾವ ಮನೆಗೆ ಏನು ಕೊಟ್ಟೆನೆಂಬುದೇ ತಿಳಿಯಲಿಲ್ಲ. ನಾನೇನು ಬಾಯಿಬಿಟ್ಟು ಹೇಳಿದೆನೇ, ಅವರೇ ಅಂದುಕೊಂಡರು ಎಂದು ತನಗೆ ತಾನೇ ಹೇಳಿಕೊಂಡ. ನಾಳೆ ಸರಿಪಡಿಸೋಣ ಎಂದುಕೊಂಡ. ನಾಳೆ ಅವರು ಗೇಟಿಗೆ ಬರಲಿಲ್ಲ, ಆಳು ಬಂದಳು. ಹಾಗೇ ದಿನ ಹೋದವು. ದಸರಾ ಕಳೆದು ದಸ್ತಗೀರ್ ಕುಂಟುತ್ತ ಅಂಗಳಕ್ಕೆ ಬಂದಾಗ ಅವನನ್ನು ಅಪ್ಪಿಕೊಂಡು ಲೈನು ಒಪ್ಪಿಸಿದವನೂ ಇವನೇ. ಮಲಗಿ ಮಲಗಿ ದಸ್ತಗೀರನ ಕೆನ್ನೆ ಒಳಗೆ ಹೋಗಿತ್ತು, ಕತ್ತಿನ ಮೂಳೆ ಎದ್ದಿತ್ತು. ಬರೀ ಕಾಲು ಮುರಿದದ್ದು ಎಂದರೆ ನೋಡಿದವರು ಯಾರೂ ನಂಬುವ ಹಾಗಿರಲಿಲ್ಲ.

"ಬಾ, ಮನೇಲಿ ಟೀ ಕುಡ್ಕೊಂಡು ಹೋಗು" ಎಂದು ದಸ್ತಗೀರ್ ಪೆಟ್ಟಿಗೆಯ ಮುಚ್ಚಳ ಹಾಕಿದ.

ಮನೆ ಎಂದರೆ ಮಸೀದಿಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ, ಮೇಲೆ ಒಂದು ತುಂಡು ಮಾಳಿಗೆ. ದಸ್ತಗೀರನ ಹೆಂಡತಿ ಮಜೀದಾ ಮಾಳಿಗೆಯ ಮೇಲೆ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ಹಳೆಯ ಸೀರೆ, ಬೆಡ್‌ಶೀಟು, ಕಡೆಗೆ ಬಟ್ಟೆ ಸಾಲದೆ ಪೇಪರು, ಎಲ್ಲದರ ಮೇಲೂ ಬ್ರೆಡ್ಡಿನ ಹೋಳು ಹರಡಿತ್ತು. ಕಾಲಿಡುವುದಕ್ಕೆ ಜಾಗವಿರಲಿಲ್ಲ.

"ಎಷ್ಟು ಅಂತ ಒಣಗಿಸೋದು ಅಣ್ಣ? ಗಲ್ಲಿಯವರಿಗೆಲ್ಲ ರಸ್ಕ್ ಕೊಟ್ಟೂ ಆಯ್ತು. ಈಗ ನನ್ನ ನೋಡಿದ್ರೆ ಅವರೂ ಬೇಡ ಅಂತಾರೆ" ಎಂದು ಅವಳು ನಕ್ಕಳು. ಟೀ ಲೋಟ ಕೊಡುತ್ತ ದನಿ ತಗ್ಗಿಸಿ, "ನೀವು ಲೈನ್ ಹಿಡೀದೇ ಇದ್ದಿದ್ರೆ ನಾವು ಆವಾಗ್ಲೇ ಮುಳುಗಿ ಹೋಗ್ತಿದ್ವಿ. ದಿನಾ ನಮಾಜಲ್ಲಿ ನಿಮ್ಮ ಹೆಸರು ಹೇಳ್ತೀನಿ" ಎಂದಳು.

ರಾಮಾಂಜಿನಪ್ಪ ತಲೆ ಎತ್ತದೆ ಟೀ ಕುಡಿದ. ದಸ್ತಗೀರ್ ಗೋಡೆಗೆ ಒರಗಿ ಕಾಲು ಚಾಚಿಕೊಂಡ.

"ನನ್ನ ಕೈಗುಣ ಹೋಯ್ತು ರಾಮಾಂಜಿ. ನಿನ್ನ ಕೈಯಲ್ಲಿ ಚೆನ್ನಾಗಿ ನಡೀತಿತ್ತು. ನೀನೇ ಇಟ್ಕೊಂಡ್ಬಿಡು. ನಾನೇ ಅಂಗಳದಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಬೇಕರೀಲಿ ಹಿಟ್ಟು ನಾದೋಕೆ ಆಳು ಬೇಕಂತೆ. ಹೋಗ್ತೀನಿ."

"ಆ ಕಾಲಲ್ಲಾ? ರಾತ್ರಿ ಪೂರ್ತಿ ನಿಂತ್ಕೊಂಡಾ?" ಎಂದಳು ಮಜೀದಾ.

ಮಳೆಗಾಲದಲ್ಲಿ ರಾಮಾಂಜಿನಪ್ಪ ಬಯಸಿದ್ದು ಇದೇ ಲೈನು. ಈಗ ಅದು ತಾನಾಗಿ ಮಡಿಲಿಗೆ ಬಂದು ಬೀಳುತ್ತಿತ್ತು. ಅವನಿಗೆ ಎದ್ದು ಓಡಿಹೋಗಬೇಕೆನ್ನಿಸಿತು. ಭಾಯ್, ನಿನ್ನ ಕೈಗುಣಕ್ಕೇನೂ ಆಗಿಲ್ಲ, ನಾನೇ ಹೀಗೆ ಮಾಡಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮಜೀದಾ ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು.

"ಯಾರೂ ಎಲ್ಲಿಗೂ ಹೋಗೋದು ಬೇಡ. ನಾಳೆ ನಿನ್ನ ಜೊತೆ ನಾನೂ ಬರ್ತೀನಿ" ಎಂದ.

ಮಾರನೆಯ ಬೆಳಿಗ್ಗೆ ಚಳಿಯಿತ್ತು. ಕುಕ್ ಟೌನಿನ ತಿರುವಿನಲ್ಲಿ ದಸ್ತಗೀರನನ್ನು ಸೈಕಲ್ಲಿನ ಜೊತೆ ಮರದ ಕೆಳಗೆ ನಿಲ್ಲಿಸಿ, ರಾಮಾಂಜಿನಪ್ಪ ಒಬ್ಬನೇ ಮೂಲೆ ಬಂಗಲೆಗೆ ಹೋದ. ಶಾಂತಕುಮಾರಿ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಏನಪ್ಪ, ಕಾಣ್ಲೇ ಇಲ್ಲ? ನೀನು ಬಿಟ್ಟಮೇಲೆ ನಮಗೆ ಬ್ರೆಡ್ಡೇ ಇಲ್ಲ. ರಸೆಲ್ ಮಾರ್ಕೆಟ್ ತನಕ ಆಳು ಕಳಿಸ್ತಿದ್ದೀವಿ."

"ಅಮ್ಮಾವ್ರೇ, ಒಂದು ಮಾತು ಹೇಳ್ಬೇಕು. ದಸ್ತಗೀರ್‌ಗೆ ಟೀಬೀ ಗೀಬೀ ಏನೂ ಇಲ್ಲ. ಕಾಲು ಮುರಿದಿತ್ತು, ಅಷ್ಟೇ. ನಾನೇ ಸುಳ್ಳು ಹೇಳಿದ್ದು." ಅವನು ಗೇಟಿನ ಕಂಬಿ ಹಿಡಿದುಕೊಂಡ. "ಈ ಲೈನ್ ನನಗೇ ಆಗ್ಲಿ ಅಂತ, ಆಸೆಗೆ ಬಿದ್ದು ಮಾಡ್ಬಿಟ್ಟೆ. ಪಾಪದ ಕೆಲಸ. ಅವನ ಹತ್ರ ತಗೊಳ್ಳಿ."

ಶಾಂತಕುಮಾರಿ ನೀರಿನ ಚೊಂಬನ್ನು ಕೆಳಗಿಟ್ಟರು. ಅವನನ್ನೇ ನೋಡುತ್ತ ನಿಂತರು. ಬೈಯುತ್ತಾರೆ ಎಂದುಕೊಂಡ ರಾಮಾಂಜಿನಪ್ಪ. ಬೈಯಲಿ ಎಂದೂ ಕಾದ. ಅವರ ಕಣ್ಣು ಒದ್ದೆಯಾಗಿತ್ತು.

"ಎಂಥಾ ಮನಸ್ಸಪ್ಪ ನಿಂದು! ಸ್ನೇಹಿತನಿಗೋಸ್ಕರ ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂಡು ಬಂದಿದ್ದೀಯಲ್ಲ."

"ಇಲ್ಲ ಅಮ್ಮಾವ್ರೇ, ನಿಜವಾಗ್ಲೂ. ನನ್ನ ಮಕ್ಕಳಾಣೆ."

"ಛೆ, ಮಕ್ಕಳ ಮೇಲೆ ಆಣೆ ಇಡ್ಬಾರ್ದು. ನಾನೇನು ಕುರುಡೀನಾ? ಮೊನ್ನೆ ಅವನನ್ನ ನೋಡ್ದೆ. ಕಾಲು ಮುರಿದೋರು ಹಾಗೆ ಸೊರಗ್ತಾರಾ?"

"ನಿನ್ನೆ ಅವನ ಮನೇಲಿ, ಅವನ ಲೋಟದಲ್ಲೇ ಟೀ ಕುಡ್ದಿದ್ದೀನಿ. ಕಾಯಿಲೆ ಇದ್ದಿದ್ರೆ ಕುಡೀತಿದ್ನಾ?"

"ಅದಕ್ಕೇ ಹೇಳಿದ್ದು, ನಿನ್ನಂಥೋರು ಇಲ್ಲ ಅಂತ. ಆದ್ರೆ ನಮ್ಮನೇಲಿ ಚಿಕ್ಕಮಕ್ಕಳಿದಾವೆ. ನೀನು ತಂದ್ರೆ ತಗೋತೀವಿ, ನೀನೇ ತಂದ್ಕೊಡು. ಇರು, ಬಂದೆ." ಒಳಗೆ ಹೋಗಿ ಒಂದು ಬೂದು ಬಣ್ಣದ ಉಣ್ಣೆಯ ಸ್ವೆಟರ್ ತಂದರು. "ನಮ್ಮೆಜಮಾನ್ರದು. ದೆಹಲಿಗೆ ಟ್ರಾನ್ಸ್‌ಫರ್ ಆದಾಗ ಹೆಣೆದಿದ್ದೆ. ಆ ಕಾಯಿಲೆಗೆ ಎದೆ ಬೆಚ್ಚಗಿರ್ಬೇಕಂತೆ. ಅವನಿಗೆ ಕೊಡು. ವಾಪಸ್ ಕೊಡೋದೇನೂ ಬೇಡ ಅಂತ ಹೇಳು."

ರಾಮಾಂಜಿನಪ್ಪ ಬೇಡವೆನ್ನಲು ಕೈ ಎತ್ತಿದ. ಅವರು ಸ್ವೆಟರನ್ನು ಗೇಟಿನ ಕಂಬಿಗಳ ಮೇಲಿನಿಂದ ಅವನ ತೋಳಿಗೆ ಹಾಕಿಬಿಟ್ಟರು. ಪಕ್ಕದ ಬಂಗಲೆಯ ವರಾಂಡದಲ್ಲಿ ಪೇಪರು ಓದುತ್ತಿದ್ದ ಮುದುಕರು ಇದನ್ನೆಲ್ಲ ನೋಡುತ್ತಿದ್ದರು. ಶಾಂತಕುಮಾರಿ ಅವರಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮುದುಕರು ರಾಮಾಂಜಿನಪ್ಪನ ಕಡೆ ತಿರುಗಿ ಗೌರವದಿಂದ ತಲೆಯಾಡಿಸಿದರು.

ತಿರುವಿಗೆ ವಾಪಸು ಬರುವಷ್ಟರಲ್ಲಿ ಬಿಸಿಲೇರಿತ್ತು. ಸ್ವೆಟರನ್ನು ಚರಂಡಿಗೆ ಎಸೆದುಬಿಡೋಣ ಎನ್ನಿಸಿತು, ಆದರೆ ದಸ್ತಗೀರ್ ದೂರದಿಂದಲೇ ನೋಡಿಬಿಟ್ಟಿದ್ದ.

"ಏನೋ ಅದು?"

"ಅಮ್ಮಾವ್ರು ಕೊಟ್ರು. ನಿನಗಂತೆ."

"ನನಗಾ?" ದಸ್ತಗೀರ್ ಕೈಯನ್ನು ಅಂಗಿಗೆ ಒರೆಸಿಕೊಂಡು ಸ್ವೆಟರ್ ಬಿಡಿಸಿ ನೋಡಿದ. ಮುಖ ಅರಳಿತು. "ನೋಡ್ದಾ! ಮರ್ತಿಲ್ಲ ಅವ್ರು ನನ್ನ. ನಾನೇ ಸುಮ್ನೆ ಏನೇನೋ ಅಂದ್ಕೊಂಡೆ." ಅಲ್ಲೇ ತೋಳು ತೂರಿಸಿದ. ಉದ್ದವಾದ ತೋಳನ್ನು ಮಡಚಿಕೊಂಡು, ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ.

"ಬಿಸಿಲಾಯ್ತು ಭಾಯ್. ತೆಗೆದು ಪೆಟ್ಟಿಗೆ ಮೇಲೆ ಇಡು."

"ಇರ್ಲಿ ಬಿಡೋ. ಕೊಟ್ಟೋರು ನೋಡ್ಬೇಡ್ವಾ?"

ದಸ್ತಗೀರ್ ಸೈಕಲ್ಲನ್ನು ತಳ್ಳಿಕೊಂಡು ಕುಂಟುತ್ತ ಪಕ್ಕದ ಬಂಗಲೆಯ ಗೇಟಿಗೆ ಹೋದ. ರಾಮಾಂಜಿನಪ್ಪ ಹಿಂದೆಯೇ ಹೋದ. ವರಾಂಡದ ಮುದುಕರು ತಲೆ ಎತ್ತಿ ಸ್ವೆಟರನ್ನು ನೋಡಿದರು. ಪೇಪರು ಮಡಚಿಕೊಂಡು ಎದ್ದು ಒಳಗೆ ಹೋದರು. ಬಾಗಿಲು ಹಾಕಿದ ಸದ್ದಾಯಿತು.

"ಚಿಲ್ಲರೆ ತರೋಕೆ ಹೋದ್ರು" ಎಂದು ದಸ್ತಗೀರ್ ಹಿಂತಿರುಗಿ ಹೇಳಿದ. ಹಣೆಯ ಬೆವರನ್ನು ಉಣ್ಣೆಯ ತೋಳಿನಿಂದ ಒರೆಸಿಕೊಂಡು, ಪೆಟ್ಟಿಗೆಯಿಂದ ಚೆನ್ನಾಗಿ ಬೆಂದ ಒಂದು ಬ್ರೆಡ್ಡನ್ನು ಆರಿಸಿ ಕೈಯಲ್ಲಿ ಹಿಡಿದುಕೊಂಡು ನಿಂತ.