ಖಾಲಿ ಫ್ಲಾಶ್

ಹಾನಗಲ್ಲಿನ ಮಹಾಂತೇಶ ಸುಳ್ಳುಗಾರನಲ್ಲ. ಮದುವೆ ಆಲ್ಬಮ್ಮಿನಲ್ಲಿ ಕರಿ ಮದುಮಗನನ್ನು ಬೆಳ್ಳಗೆ ಮಾಡಿ ಕೊಡುವುದೂ ಸುಳ್ಳೇ ಅನ್ನುವುದಾದರೆ ಆ ಮಾತು ಬೇರೆ. ಹೊಟ್ಟೆಪಾಡಿಗೆ ಸ್ಟುಡಿಯೋ ಇತ್ತು, ಡಿಜಿಟಲ್ ಕ್ಯಾಮೆರಾ ಇತ್ತು. ಜೀವ ಮಾತ್ರ ಗುರು ಗುದ್ಲೆಪ್ಪ ಮಾಸ್ತರರು ಬಿಟ್ಟುಹೋದ ಹಳೆಯ ರೀಲಿನ ಕ್ಯಾಮೆರಾದ ಮೇಲೆ. ಸಂತೆಯ ದಿನ ಸಂಜೆ ಅದನ್ನು ಕೊರಳಿಗೆ ಹಾಕಿಕೊಂಡು, ತಿಳವಳ್ಳಿ ಹಾಯ್ದು, ಬೈಕಿನಲ್ಲಿ ಹಿರೇಕೆರೂರಿಗೆ ಹೋಗುತ್ತಿದ್ದ. ಸಂತೆ ಎದ್ದ ಮೇಲಿನ ಬೀದಿಯೆಂದರೆ ಅವನಿಗೆ ಹುಚ್ಚು.

ರಾತ್ರಿ ಹೊತ್ತು ರೀಲಿನಲ್ಲಿ ಫೋಟೋ ತೆಗೆಯುವುದು ಸಸಾರದ ಕೆಲಸವಲ್ಲ. ಬೆಳಕು ಹಿಡಿಯುವ ಚುರುಕು ನಾನೂರರಷ್ಟೇ ಇರುವ ರೀಲನ್ನು ಹದಿನಾರು ನೂರರದ್ದೆಂದೇ ನಂಬಿ ತೆಗೆಯಬೇಕು, ತೊಳೆಯುವಾಗ ಔಷಧದಲ್ಲಿ ಹೆಚ್ಚು ಹೊತ್ತು ಇಟ್ಟು ಆ ಕೊರತೆ ತುಂಬಬೇಕು. ಟ್ಯೂಬ್‌ಲೈಟಿನ ಕೆಳಗಾದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ, ಒಲೆಯ ಬೆಳಕಿಗಾದರೆ ಹದಿನೈದನೇ ಒಂದು ಭಾಗ ಕ್ಯಾಮೆರಾದ ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಕೈ ಅಲುಗಿದರೆ ಎಲ್ಲ ನೀರಲ್ಲಿ ಹೋಮ. ಅದಕ್ಕೇ ಅವನು ಕಂಬಕ್ಕೆ ಒರಗಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ಉಳಿದದ್ದನ್ನು ಹಿಡಿದುಕೊಂಡು ಗುಂಡಿ ಒತ್ತುತ್ತಿದ್ದ. ಫ್ಲಾಶ್ ಮುಟ್ಟುತ್ತಿರಲಿಲ್ಲ. ಫ್ಲಾಶ್ ಬಿದ್ದರೆ ರಾತ್ರಿ ರಾತ್ರಿಯಾಗಿ ಉಳಿಯುವುದಿಲ್ಲ.

ಆದರೂ ಚೀಲದಲ್ಲಿ ಒಂದು ಫ್ಲಾಶ್ ಇರುತ್ತಿತ್ತು. ಅದು ಫೋಟೋಕ್ಕಲ್ಲ, ‘ನಂದೊಂದು ತಗೀರಿ’ ಅನ್ನುವವರಿಗೆ. ಹಿಂದೆ ಮದುವೆಗಳಲ್ಲಿ ಬೀಗರ ಬೀಗರೆಲ್ಲ ಸಾಲುಗಟ್ಟಿ ನಿಂತಾಗ ಮೂವತ್ತಾರು ಫೋಟೋದ ರೀಲು ಯಾರಿಗೆಂದು ಸಾಕಾದೀತು? “ಖಾಲಿ ಫ್ಲಾಶ್ ಹೊಡಿಯೋ. ಮಂದಿ ನಗ್ತಾರ, ರೀಲು ಉಳೀತೈತಿ” ಅನ್ನುತ್ತಿದ್ದರು ಮಾಸ್ತರರು. ಫ್ಲಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಬೀಳುತ್ತದೆ, ಕ್ಯಾಮೆರಾ ಕಣ್ಣೇ ತೆರೆಯುವುದಿಲ್ಲ.

ಹಿರೇಕೆರೂರಿನ ಬಸ್‌ಸ್ಟ್ಯಾಂಡಿನ ಹೊರಗೆ ವೀರವ್ವನ ಗಿರ್ಮಿಟ್ ಗಾಡಿ. ಅವಳು ಚುರುಮುರಿ ಕಲಸುತ್ತಿದ್ದಳು, ಗಂಡ ಹೂವಪ್ಪ ಮಿರ್ಚಿ ಕರಿಯುತ್ತಿದ್ದ. ಒಂದು ಚಳಿಗಾಲದ ರಾತ್ರಿ ಮಹಾಂತೇಶನ ರೀಲಿನಲ್ಲಿ ಎರಡೇ ಫೋಟೋ ಉಳಿದಿದ್ದವು. ಗೋವಿನಜೋಳದ ಲಾರಿಯೊಂದು ಧೂಳೆಬ್ಬಿಸಿ ಹೋಗಿತ್ತು, ಆ ಧೂಳಿನಲ್ಲಿ ಹಾವೇರಿ ಬಸ್ಸಿನ ಬೆಳಕು ಬೀಳುವುದನ್ನು ಅವನು ಕಾಯುತ್ತಿದ್ದ. ಅಷ್ಟರಲ್ಲಿ ವೀರವ್ವ ಕರೆದಳು.

“ತಮ್ಮಾ, ನಮ್ಮಿಬ್ರದೂ ಒಂದು ತಗಿಯೋ. ಲಗ್ನದಾಗೂ ಜೋಡಿ ನಿಂತು ತಗಸಿಲ್ಲ. ಮೊಬೈಲ್‌ನಾಗ ತಗ್ದವರು ಕೈಯಾಗ ಕೊಡೂದಿಲ್ಲಪಾ.”

ಹೂವಪ್ಪ ನಾಚಿಕೊಂಡು ರುಮಾಲು ಸರಿಮಾಡಿಕೊಂಡ. ವೀರವ್ವ ಸೆರಗಿನಿಂದ ಅವನ ಕೆನ್ನೆಯ ಮೇಲಿನ ಹಿಟ್ಟು ಒರೆಸಿದಳು. ಬಸ್ಸು ಎಲ್ಲಿ ತಪ್ಪುತ್ತದೋ ಎಂದು ಮಹಾಂತೇಶನಿಗೆ ಅವಸರ. ಬೇಗ ಮುಗಿಯಲೆಂದು, ನಾಟಕ ಪೂರ್ತಿಯಾಗಲೆಂದು ಹೇಳಿದ: “ಕಾಕಾ, ಉಸಿರು ಹಿಡೀರಿ. ನಾ ಅನ್ನೂತನಕ ಅಳ್ಳಾಡಬ್ಯಾಡ್ರಿ.” ಒಂದು, ಎರಡು, ಮೂರು ಎಣಿಸಿ ಫ್ಲಾಶಿನ ಬೆನ್ನಿನ ಗುಂಡಿ ಒತ್ತಿದ. ಬೆಳಕು ಬಿತ್ತು. ಹೂವಪ್ಪನಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಬೋರಲು ಹಾಕಿದ ಬಕೀಟಿನ ಮೇಲೆ ಕುಳಿತು, ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕು ಕೇಳಿದ: “ಚಲೋ ಬಂತೇನೋ?”

“ಭಾರಿ ಬಂತ್ರಿ ಕಾಕಾ” ಅಂದ ಮಹಾಂತೇಶ. ಬಸ್ಸೂ ಬಂತು. ಬಸ್ಸಿನ ಫೋಟೋ ನಿಜವಾಗಿಯೂ ಭಾರಿ ಬಂತು.

ಮುಂದಿನ ಸಂತೆಗೆ ವೀರವ್ವ ಕೇಳಿದಳು. ತೊಳೆಯಲು ಹಾಕಿದ್ದೇನೆ ಅಂದ. ಅದರ ಮುಂದಿನ ಸಂತೆಗೆ ಔಷಧ ಬಂದಿಲ್ಲ ಅಂದ. ಮೂರನೆಯ ಸಲ ಅವಳು ಕೇಳಲೇ ಇಲ್ಲ, ಗಾಡಿಯ ಕಂಬಕ್ಕೆ ತೂಗುಹಾಕಿದ್ದ ಗಾಜಿನ ಫ್ರೇಮನ್ನು ತೋರಿಸಿದಳು. ಸಂತೆಯಲ್ಲಿ ಕೊಂಡದ್ದು. ಒಳಗೆ ಅಂಗಡಿಯವನೇ ಇಟ್ಟ ಗುಲಾಬಿ ಹೂವಿನ ಕಾಗದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಮಹಾಂತೇಶನಿಗೆ. ಅಲ್ಲಿಂದ ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋದಾಗ ಒಲೆ ಆರಿತ್ತು. ವೀರವ್ವ ಒಬ್ಬಳೇ ಗಿರ್ಮಿಟ್ ಕಲಸುತ್ತಿದ್ದಳು.

“ದಮ್ಮು ಜಾಸ್ತಿ ಆತಪಾ. ಹೋಗಿ ಇಪ್ಪತ್ತು ದಿನ ಆತು. ಆಧಾರ್ ಕಾರ್ಡಿನ ಫೋಟೋನ ದೊಡ್ಡದು ಮಾಡಿ ಇಟ್ವಿ, ಅದರಾಗ ಅವ್ರು ಅವ್ರಾಗಿ ಕಾಣೂದಿಲ್ಲ. ನೀ ತಗ್ದದ್ದು ಬರೂ ಸಂತಿಗೆ ತರ್ತೀ?”

“ತರ್ತೇನಿ ಬೇ” ಎಂದುಬಿಟ್ಟಿತು ಅವನ ಪಾಪಿ ಬಾಯಿ.

ಆ ವಾರವೆಲ್ಲ ಸ್ಟುಡಿಯೋ ಬಾಗಿಲು ಹಾಕಿಕೊಂಡು, ಭೂತಗನ್ನಡಿ ಹಿಡಿದು, ಮೂರು ವರ್ಷದ ನೆಗೆಟಿವ್‌ಗಳನ್ನೆಲ್ಲ ಜಾಲಾಡಿದ. ಗಾಡಿ ಐದು ಕಡೆ ಸಿಕ್ಕಿತು. ಒಂದರಲ್ಲಿ ಹೂವಪ್ಪನ ಬೆನ್ನು. ಒಂದರಲ್ಲಿ ಮಿರ್ಚಿ ಎತ್ತುವ ಝಾರಿ ಹಿಡಿದ ಕೈ. ಮತ್ತೊಂದರಲ್ಲಿ ಮುಖವಿರಬೇಕಾದ ಜಾಗದಲ್ಲಿ ಬರೀ ಹೊಗೆ. ಅದೇ ಹೊಗೆಯನ್ನು ಹಿಂದೆ ಎಷ್ಟು ಚಂದ ಬಂದಿದೆಯೆಂದು ತಾನೇ ಮೆಚ್ಚಿಕೊಂಡಿದ್ದ. ಈಗ ತನ್ನ ಮೇಲೇ ಹೇಸಿಗೆಯಾಯಿತು. ಆ ರಾತ್ರಿ ರೀಲಿನಲ್ಲಿ ಎರಡು ಫೋಟೋ ಉಳಿದಿದ್ದವು. ಒಂದು ಬಸ್ಸಿಗೆ, ಒಂದು ಇವರಿಗೆ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು?

ಸಂತೆಗೆ ಹೋಗುವಾಗ ದಾರಿಯುದ್ದಕ್ಕೂ ಹೊಸ ಸುಳ್ಳೊಂದನ್ನು ಬಾಯಿಪಾಠ ಮಾಡಿಕೊಂಡ: ರೀಲು ಕೆಟ್ಟಿತು. ಗಾಡಿಯ ಮುಂದೆ ಬಂದು ನಿಂತ. ಅವನ ಮುಖ ನೋಡಿ ವೀರವ್ವನೇ ಅಂದಳು:

“ರೀಲು ಕೆಟ್ಟಿತೇನೋ ತಮ್ಮಾ? ಕೆಟ್ಟಿದ್ರ ಕೆಟ್ಟಿತು ಅನ್ನು. ನೀ ಏನ್ ಬೇಕಂತ ಮಾಡಿರ್ತೀಯ?”

ತಾನು ತಂದ ಸುಳ್ಳನ್ನು ಅವಳೇ ಎತ್ತಿ ಕೈಗೆ ಕೊಟ್ಟಿದ್ದಳು. ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಆ ಕೊನೆಯ ಮಾತು ಎದೆಗೆ ನಾಟಿತು.

“ಬೇಕಂತನ ಮಾಡೇನಿ ಬೇ. ಫೋಟೋ ತಗೀಲೇ ಇಲ್ಲ. ರೀಲು ಉಳೀಲಿ ಅಂತ ಬರೇ ಬೆಳಕ ಹೊಡದೆ.”

ವೀರವ್ವನಿಗೆ ತಿಳಿಯಲಿಲ್ಲ. ಅವನು ಫ್ಲಾಶ್ ತೆಗೆದು ಬೆನ್ನಿನ ಗುಂಡಿ ಒತ್ತಿ ತೋರಿಸಿದ. ಬೆಳಕು ಬಿತ್ತು, ಕ್ಯಾಮೆರಾ ಅವನ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. ಅವಳು ಅದನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕುತ್ತಿದ್ದ.

“ಹಂಗಾರ,” ಅಂದಳು, “ಅವ್ರಿಗೆ ಉಸಿರು ಹಿಡೀರಿ ಅಂತ ಯಾಕಂದಿ?”

ಮಹಾಂತೇಶ ಫ್ಲಾಶನ್ನು ಚೀಲಕ್ಕೆ ತುರುಕಿದ.

“ದಮ್ಮಿನ ಮನಷ್ಯಾರು. ಆ ರಾತ್ರಿ ಬೆಳಕ ಹರಿಯೂತನಕ ಕೆಮ್ಮಿದ್ರು. ಇರ್ಲಿ ಬಿಡು, ಫೋಟೋ ಚಲೋ ಬಂದೈತಲ್ಲ ಅಂತಿದ್ರು.”

ಯಾರೋ ಬಂದು ಗಿರ್ಮಿಟ್ ಕೇಳಿದರು. ವೀರವ್ವ ಸೆರಗಿನಿಂದ ಕೈ ಒರೆಸಿಕೊಂಡು ಚುರುಮುರಿ ಅಳೆಯತೊಡಗಿದಳು. ಫ್ರೇಮು ಅವಳ ತಲೆಯ ಹಿಂದೆ ತೂಗುತ್ತಿತ್ತು. ಅವಳು ಅದನ್ನು ತೆಗೆಯಲೂ ಇಲ್ಲ, ಅವನ ಕಡೆ ಮತ್ತೆ ತಿರುಗಿ ನೋಡಲೂ ಇಲ್ಲ.