ಏಳು ಬೆಂಚಿನ ದಾರಿ

ನಮ್ಮಲ್ಲಿ ದೂರವನ್ನು ಬೆಂಚಿನಲ್ಲಿ ಅಳೆಯುತ್ತಾರೆ. ಮೀಟರು ಗೀಟರು ಎಲ್ಲ ಕಚೇರಿಯ ನಕ್ಷೆಯಲ್ಲಿರಬಹುದು. ಗೇಟಿನ ಹತ್ತಿರ ನಿಂತು ಕೆರೆ ಎಷ್ಟು ದೂರ ಎಂದು ಕೇಳಿದವರಿಗೆ ಸಿಗುವ ಉತ್ತರ ಮಾತ್ರ ಒಂದೇ, ಏಳು ಬೆಂಚು. ಇಪ್ಪತ್ತೆರಡು ವರ್ಷ ಟಿಕೆಟ್ ಕಿಟಕಿಯಲ್ಲಿ ಕೂತು ಆ ಉತ್ತರ ಕೊಟ್ಟವಳು ನನ್ನ ಹೆಂಡತಿ. "ಏನೂ ದೂರ ಇಲ್ಲ. ಏಳು ಬೆಂಚು, ಆಮೇಲೆ ಕೆರೆ. ಅಜ್ಜಿಯಂದಿರೂ ಹೋಗಿ ಬರ್ತಾರೆ." ದಿನಕ್ಕೆ ನೂರು ಸಲ ಹೇಳಿದರೂ ಅವಳ ದನಿಯಲ್ಲಿ ಬೇಸರ ಕಂಡವನಲ್ಲ ನಾನು. ನನಗಾಗಿದ್ದರೆ ಹತ್ತನೆಯ ಸಲಕ್ಕೇ ತಲೆ ಕೆಟ್ಟು, ಬೋರ್ಡ್ ಓದೋಕೆ ಬರಲ್ವಾ ಅಂದುಬಿಡುತ್ತಿದ್ದೆ.

ಇದು ಇನ್ನೂರು ವರ್ಷದ ಹಿಂದೆ ಯಾವನೋ ಶ್ರೀಮಂತ ಕಟ್ಟಿಸಿದ ಬಂಗಲೆ. ಸುತ್ತ ಅವನ ತೋಟ, ಅದರಾಚೆ ಅವನ ಕಾಡು. ಈಗ ಎಲ್ಲ ಒಂದು ಟ್ರಸ್ಟಿನ ಪಾಲಾಗಿ, ಜನ ನಡೆದು ನೋಡಲಿ ಎಂದು ಮೂರು ದಾರಿ ಮಾಡಿದ್ದಾರೆ. ಸುಲಭದ್ದು, ಸಾಧಾರಣದ್ದು, ಕಷ್ಟದ್ದು. ಅವುಗಳ ಎಲೆ ಗುಡಿಸಿ, ಚರಂಡಿ ಬಿಡಿಸಿ, ಬೆಂಚಿನ ಬೆನ್ನಿಗೆ ವರ್ಷಕ್ಕೊಮ್ಮೆ ನಂಬರು ಬರೆಯುವವನು ನಾನು. ಕೆರೆಗೆ ಹೋಗುವುದು ಸುಲಭದ ದಾರಿ. ಆ ಶ್ರೀಮಂತನಿಗೆ ಅಳತೆಯ ಹುಚ್ಚು ಇತ್ತಂತೆ. ದಾರಿಯ ಎರಡೂ ಕಡೆ ಒಂದೇ ಜಾತಿಯ ಮರ, ಹತ್ತು ಹೆಜ್ಜೆಗೊಂದು. ಒಂದು ಮರ ನೋಡಿದರೆ ಎಲ್ಲ ಮರ ನೋಡಿದ ಹಾಗೆ. ಇಪ್ಪತ್ತೈದು ಮರಕ್ಕೊಂದು ಬೆಂಚು.

ಏಳನೆಯ ಬೆಂಚು ನೀರಿನ ಪಕ್ಕದಲ್ಲೇ ಇದೆ. ಮದುವೆಯಾದ ಹೊಸತರಲ್ಲಿ ಭಾನುವಾರ ಗೇಟು ಹಾಕಿದ ಮೇಲೆ ನಾವಿಬ್ಬರೂ ಅಲ್ಲಿ ಹೋಗಿ ಕೂರುತ್ತಿದ್ದೆವು. ಬಂಗಲೆ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಆಮೇಲೆ ಕೆಲಸ, ಸಂಸಾರ, ಸೋಮಾರಿತನ. ಕೆರೆಗೆ ಲಕ್ಷ ಜನರನ್ನು ಕಳಿಸಿದವಳು ತಾನು ಹೋಗಿ ಹತ್ತು ವರ್ಷವಾಗಿತ್ತು.

ಅಷ್ಟರಲ್ಲಿ ಅವಳಿಗೆ ಉಸಿರಿನ ಕಾಯಿಲೆ ಹಿಡಿಯಿತು. ಶ್ವಾಸಕೋಶ ದಿನದಿನಕ್ಕೂ ಒಣಗುತ್ತಾ ಹೋಗುತ್ತದಂತೆ. ದಿನಾ ಆದಷ್ಟು ನಡೆಯಿರಿ, ಒಳ್ಳೆಯದು ಎಂದು ಡಾಕ್ಟರು ಅವಳೆದುರು ಹೇಳಿದರು. ಇದು ಇಳಿಯುವ ಮೆಟ್ಟಿಲೇ ಹೊರತು ಹತ್ತುವುದಲ್ಲ ಎಂದು ಬಾಗಿಲ ಹೊರಗೆ ನನಗೊಬ್ಬನಿಗೇ ಹೇಳಿದರು. ಅದನ್ನು ನಾನು ನುಂಗಿಕೊಂಡೆ. ಅವಳು ಮಾತ್ರ ಕಿಟಕಿಯ ಕೆಲಸ ಬಿಟ್ಟ ದಿನವೇ ತೀರ್ಮಾನ ಮಾಡಿದ್ದಳು, ಏಳನೆಯ ಬೆಂಚಿಗೆ ಒಮ್ಮೆ ತನ್ನ ಕಾಲಮೇಲೇ ಹೋಗಬೇಕು ಎಂದು. ಎಲೆ ಸಾಗಿಸುವ ಕೈಗಾಡಿಯಲ್ಲಿ ಮೆತ್ತೆ ಹಾಸಿ ಕರೆದೊಯ್ಯುತ್ತೇನೆ ಅಂದರೆ ನಕ್ಕುಬಿಟ್ಟಳು. ಗಾಡಿಯಲ್ಲಿ ಹೋಗುವುದಾದರೆ ಟಿಕೆಟ್ಟಿನ ಹಿಂದಿರುವ ಫೋಟೊ ಸಾಕು ಅಂದಳು.

ಮೊದಮೊದಲು ಮೂರನೆಯ ಬೆಂಚಿನವರೆಗೆ ಹೋಗಿ ಬರುತ್ತಿದ್ದಳು. ಒಂದು ದಿನ ಮೂರನೆಯ ಬೆಂಚು ಕಣ್ಣಿಗೆ ಕಾಣುತ್ತಿರುವಾಗಲೇ ಕುಸಿದು ನೆಲದ ಮೇಲೆ ಕೂತಳು. ನಿನ್ನೆ ಬಂದಿದ್ದೆನಲ್ಲ, ನಿನ್ನೆ ಬಂದಿದ್ದೆನಲ್ಲ ಎಂದು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅಪರೂಪ.

ಮಾರನೆಯ ದಿನ ಬೆಳಕು ಹರಿಯುತ್ತಿದ್ದಂತೆ ಮರ ಕಡಿಯುವವನನ್ನು ಎಬ್ಬಿಸಿಕೊಂಡು ಹೋದೆ. ಅವನಿಗೆ ನಾವು ಗರಗಸ ಅನ್ನುತ್ತೇವೆ, ಮಾತೂ ಹಾಗೇ ಇದೆ. ಇಬ್ಬರೂ ಸೇರಿ ಮೂರೂ ಬೆಂಚುಗಳನ್ನು ಎರಡೆರಡು ಮರ ಹಿಂದಕ್ಕೆ ತಂದು ಊರಿ, ಹಳೆಯ ಗುರುತಿನ ಮೇಲೆ ಎಲೆ ಹರಡಿದೆವು. ಅವತ್ತು ಅವಳು ಮೂರನ್ನು ಮುಟ್ಟಿದಳು. ಬೆಂಚಿನ ಬೆನ್ನನ್ನು ತಟ್ಟಿ, ನೋಡಿದ್ರಾ ಎಂಬಂತೆ ನನ್ನ ಕಡೆ ತಿರುಗಿದಳು. ಆ ಮುಖ ನೋಡಿದ ಮೇಲೆ ಯಾವ ಗಂಡಸು ತಾನೇ ನಿಜ ಹೇಳುತ್ತಾನೆ?

ಆಮೇಲೆ ಅದೇ ಕಸುಬಾಯಿತು. ವಾರಕ್ಕೊಂದು ಮರ, ಕೆಟ್ಟ ವಾರವಾದರೆ ಎರಡು. ಅವಳು ನೆಲ ನೋಡಿಕೊಂಡು, ಉಸಿರು ಎಣಿಸಿಕೊಂಡು ನಡೆಯುತ್ತಿದ್ದಳು. ಹೆಜ್ಜೆ ನಿಧಾನವಾದಷ್ಟೂ ದಾರಿ ಗಿಡ್ಡವಾಗುತ್ತಿದ್ದುದರಿಂದ ಹೊತ್ತು ಮೊದಲಿನಷ್ಟೇ ಹಿಡಿಯುತ್ತಿತ್ತು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆಸೆಬುರುಕ, ನಿಲ್ಲಿಸಲಿಲ್ಲ. ನಾಲ್ಕನೆಯದನ್ನೂ ತಂದೆ, ಐದನೆಯದನ್ನೂ ತಂದೆ. ಮೂರಕ್ಕೆ ನಿಂತವಳು ಐದಕ್ಕೆ ಏರಿದಳು! ಬಂದವರಿಗೆಲ್ಲ ಅದೇ ಸುದ್ದಿ, ಫೋನಿನಲ್ಲಿ ತಂಗಿಗೂ ಅದೇ ಸುದ್ದಿ. ಕೆರೆಗೆ ಯಾವಾಗ ಎಂದು ತಂಗಿ ಕೇಳಿದರೆ, ಅವಸರವೇನು, ಇನ್ನಷ್ಟು ಗಟ್ಟಿಯಾಗಲಿ ಅನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗಿಂತ ಹೆಚ್ಚು ಬುದ್ಧಿ.

ಗರಗಸ ಒಂದು ಬೆಳಿಗ್ಗೆ ಬೆಂಚಿನ ಕಾಲು ಹಿಡಿದವನು ಹಾಗೇ ನಿಂತ.

"ಬೆಂಚೇನೋ ಕಿತ್ಕೊಂಡು ಬರ್ತೀಯ ಮಾರಾಯ. ಕೆರೆನ ಹ್ಯಾಗೆ ತರ್ತೀಯ?"

ನಿನ್ನ ಕೆಲಸ ನೋಡಿಕೋ ಅಂದೆ. ಮೂಗಿನ ತುದಿಯಲ್ಲೇ ಕೋಪ ನನಗೆ, ಅದರಲ್ಲೂ ಎದುರಿನವನು ಸರಿಯಾದದ್ದನ್ನು ಹೇಳಿದಾಗ. ಅಷ್ಟು ಹೊತ್ತಿಗೆ ಐದೂ ಬೆಂಚು ಮೊದಲ ನಲವತ್ತು ಮರದೊಳಗೆ ಬಂದು ಕೂತಿದ್ದವು. ಆರನೆಯದು ಅದರ ಜಾಗದಲ್ಲೇ, ನೂರೈವತ್ತನೆಯ ಮರದ ಹತ್ತಿರ ಇತ್ತು.

ಜನ ಸುಮ್ಮನಿರುತ್ತಾರೆಯೇ? ಗೇಟಿನ ಹತ್ತಿರ ಬೆಂಚಿನ ಸಂತೆ, ಮುಂದೆ ಕೂರಲು ಒಂದು ಕಲ್ಲೂ ಇಲ್ಲ, ಇದ್ಯಾವ ಸೀಮೆಯ ಸುಲಭದ ದಾರಿ ಎಂದು ಒಬ್ಬ ಮುದುಕರು ಟ್ರಸ್ಟಿಗೆ ಕಾಗದ ಬರೆದರು. ಸೋಮವಾರ ತೋಟಕ್ಕೆ ರಜೆ, ಆ ದಿನ ಪೇಟೆಯ ಕಚೇರಿಗೆ ಬಾ ಎಂದು ಮ್ಯಾನೇಜರ್ ಮೇಡಂ ಹೇಳಿ ಕಳಿಸಿದರು. ಬೈಯುತ್ತಾರೆ ಅಂದುಕೊಂಡು ಹೋದೆ. ಅವರು ಬೈಯಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಮೆತ್ತಗೆ ಕೇಳಿದರು. ಹುಲ್ಲು ಹಾಳಾಗಿತ್ತು ಎಂದು ಇನ್ನೊಂದು ಸುಳ್ಳು ಹೇಳಿದೆ. ವಾರದೊಳಗೆ ನಕ್ಷೆಯಂತೆ ವಾಪಸ್ ಇಡಿ ಅಂದರು. ಅವಳಿಗೆ ಹೇಗೆ ಹೇಳಲಿ ಎಂಬುದನ್ನೇ ಮೆಲುಕು ಹಾಕುತ್ತಾ ಬಸ್ಸಿನಲ್ಲಿ ಕೂತು ಬಂದೆ.

ಮೂರು ಗಂಟೆಗೆ ಗೇಟಿನ ಒಳಗೇ ಇರುವ ನಮ್ಮ ಮನೆಗೆ ಬಂದರೆ ಬಾಗಿಲು ಮುಂದಕ್ಕೆ ಎಳೆದಿತ್ತು. ಅವಳ ನಡೆಯುವ ಬೂಟು ಇರಲಿಲ್ಲ. ಚಹಾದ ಫ್ಲಾಸ್ಕೂ ಇರಲಿಲ್ಲ, ಎರಡು ಲೋಟವೂ ಇರಲಿಲ್ಲ. ಎರಡನೆಯ ಲೋಟ ಯಾರಿಗೆಂದು ಕೂಡಲೇ ಹೊಳೆಯಿತು. ಅಲ್ಲಿ ಕೂತು ನನಗೆ ಫೋನು ಮಾಡಿ, ಬನ್ನಿ, ಏಳರಲ್ಲಿದ್ದೀನಿ ಅನ್ನುವುದು ಅವಳ ಲೆಕ್ಕ. ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನಲ್ಲ.

ಓಡಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಎಲ್ಲ ಬೆಂಚೂ ಖಾಲಿ. ಆಮೇಲೆ ಮರ ಎಣಿಸುತ್ತಾ ಹೋದೆ. ಐವತ್ತೊಂದನೆಯ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಫ್ಲಾಸ್ಕಿನ ಮುಚ್ಚಳ ತೆಗೆದಿರಲಿಲ್ಲ. ಫೋನು ಮಡಿಲಲ್ಲೇ ಇತ್ತು, ಮಾಡಿರಲಿಲ್ಲ.

ನಾನು ಪಕ್ಕದಲ್ಲಿ ಕೂತೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವಳು ಬಹಳ ಹೊತ್ತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಆರನೇದು ಎಲ್ರೀ?"

ಇನ್ನು ಬಚ್ಚಿಡುವುದೇನಿತ್ತು? ಎಲ್ಲ ಹೇಳಿದೆ. ಮೊದಲ ಬೆಳಿಗ್ಗೆಯಿಂದ ಹಿಡಿದು, ಗರಗಸ, ಎಲೆ, ಕಾಗದ, ಎಲ್ಲವನ್ನೂ.

"ಹಾಗಾದ್ರೆ ನಾನು ದಿನಾ ಎಷ್ಟು ನಡೀತಿದ್ದೆ?"

"ನಲವತ್ತು ಮರ."

"ಮೂರರ ತನಕ ಹೋಗ್ತಿದ್ದಾಗ?"

"ಎಪ್ಪತ್ತೈದು."

ಅವಳು ಮುಂದಿನ ದಾರಿಯ ಕಡೆ ನೋಡಿದಳು. ಒಂದೇ ಥರದ ಮರ, ಕಣ್ಣು ಹಾಯುವಷ್ಟು ದೂರ. ಬಯ್ಯಲಿ, ಹೊಡೆಯಲಿ ಎಂದು ಕಾದೆ.

"ಎಪ್ಪತ್ತೈದು ಆಗ್ತಿತ್ತಲ್ಲ, ಆಗಲೇ ಹೋಗಿಬಿಡ್ತಿದ್ದೆ ಕಣ್ರೀ. ಬೆಂಚಿಗೊಂದು ಗಂಟೆ ಕೂತು, ಬೆಳಿಗ್ಗೆ ಹೊರಟು ಸಂಜೆಗಾದ್ರೂ ಮುಟ್ತಿದ್ದೆ. ದಿನಾ ಗಟ್ಟಿಯಾಗ್ತಿದ್ದೀನಿ ಅಂದ್ಕೊಂಡು ನಾಳೆ ನಾಳೆ ಅಂತ ಇಟ್ಕೊಂಡೆ."

ಅವಳಿಗೆ ಉಳಿದಿದ್ದ ಒಂದೇ ಒಂದು ಒಳ್ಳೆಯ ಕಾಲವನ್ನು ನಾನೇ, ನನ್ನ ಈ ಕೈಯಾರೆ, ಮರ ಮರ ಲೆಕ್ಕ ಹಾಕಿ ತಿಂದುಹಾಕಿದ್ದೆ.

ಕೈಗಾಡಿ ತಂದೆ. ಮೆತ್ತೆ ಹಾಸಿ ಅವಳನ್ನು ಎತ್ತಿ ಕೂರಿಸಿದೆ. ಕೆರೆಯ ಕಡೆ ತಿರುಗಿಸಲಾ, ಬಂದಿದ್ದೀವಲ್ಲ, ನೋಡಿಕೊಂಡೇ ಹೋಗೋಣ ಎಂದು ಬೇಡಿಕೊಂಡೆ.

"ಬೇಡ. ಮನೆಗೆ ನಡೀರಿ."

ಅವತ್ತಿನಿಂದ ಅವಳು ಹೊಸಿಲು ದಾಟಿಲ್ಲ. ಈಗ ಆಮ್ಲಜನಕದ ಯಂತ್ರ ಮಂಚದ ಪಕ್ಕದಲ್ಲಿ ಗೊರಗುಡುತ್ತದೆ. ನನ್ನ ಮೇಲೆ ಸಿಟ್ಟು ಮಾಡುವುದಿಲ್ಲ. ಊಟ ಆಯ್ತಾ ಎಂದು ಕೇಳುತ್ತಾಳೆ, ಅಂಗಿ ಹರಿದಿದೆ ನೋಡಿ ಅನ್ನುತ್ತಾಳೆ. ಕೆರೆಯ ಮಾತು ಮಾತ್ರ ಎತ್ತುವುದಿಲ್ಲ.

ಬೆಂಚುಗಳನ್ನು ವಾಪಸ್ ಇಡಲು ನಾಲ್ಕು ದಿನ ಹಿಡಿಯಿತು. ಐದನೆಯದರಿಂದ ಶುರುಮಾಡಿ ಹಿಂದಕ್ಕೆ ಬಂದೆವು. ಕೊನೆಯದಾಗಿ ಒಂದನೆಯ ಬೆಂಚು ಉಳಿದಿತ್ತು, ಅವಳ ಮಂಚದ ಪಕ್ಕದ ಕಿಟಕಿಯಿಂದ ಅದೊಂದೇ ಕಾಣುತ್ತಿದ್ದುದು. ಇದೊಂದನ್ನು ಇಲ್ಲೇ ಬಿಡಲಾ ಎಂದು ಅವಳನ್ನು ಕೇಳಿದ್ದೆ. ಜನರಿಗೆ ಯಾಕೆ ಮೋಸ, ಅದರ ಜಾಗಕ್ಕೆ ಇಡಿ ಅಂದಿದ್ದಳು.

ಅದನ್ನು ಹೊತ್ತುಕೊಂಡು ಹೋಗಿ, ಇಪ್ಪತ್ತೈದನೆಯ ಮರದ ಹತ್ತಿರ ಗೂಟ ಬಡಿದು ಬಂದೆ. ಮನೆಯ ಗೋಡೆಗೆ ಹಾರೆ ಒರಗಿಸುತ್ತಿದ್ದಾಗ ಗೇಟಿನ ಕಡೆಯಿಂದ ಗಂಡ ಹೆಂಡತಿ ಇಬ್ಬರು ಬಂದರು, ಚಿಕ್ಕ ವಯಸ್ಸಿನವರು. ದಾರಿ ತಪ್ಪಿ ನಮ್ಮ ಅಂಗಳಕ್ಕೇ ಬಂದಿದ್ದರು. ತೆರೆದ ಕಿಟಕಿಯಲ್ಲಿ ಅವಳ ಮುಖ ಕಂಡು, ಕೆರೆ ಇಲ್ಲಿಂದ ಬಹಳ ದೂರವಾ ಅಮ್ಮ ಎಂದು ಕೇಳಿದರು.

ಒಳಗೆ ಯಂತ್ರದ ಸದ್ದು. ಅವಳು ಎರಡು ಸಲ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

"ಏನೂ ದೂರ ಇಲ್ಲ," ಅಂದಳು, ಅದೇ ಟಿಕೆಟ್ ಕಿಟಕಿಯ ದನಿಯಲ್ಲಿ. "ಏಳು ಬೆಂಚು. ಆಮೇಲೆ ಕೆರೆ."

ಅವರು ಕೈ ಕೈ ಹಿಡಿದುಕೊಂಡು ಹೊರಟರು. ನಾನು ಒಳಗೆ ಹೋಗಲಾರದೆ, ಹಾರೆ ಹಿಡಿದುಕೊಂಡು ಅಲ್ಲೇ ಗೋಡೆಯ ಪಕ್ಕ ನಿಂತಿದ್ದೆ.