ಬಸ್ಸು ಹತ್ತಿ ಬಂದ ನೆರಳು

ಚಲುವರಾಜು ಪಾಂಡವಪುರದಿಂದ ನಾಗಮಂಗಲಕ್ಕೆ ಕಾರು ಓಡಿಸಿದ ರಭಸಕ್ಕೆ ಅವನ ನೆರಳು ಹಿಂದೆಯೇ ಉಳಿದುಬಿಟ್ಟಿತು. ಪಾಪ, ಅದು ಮಾರನೆಯ ದಿನ ಬಸ್ಸು ಹತ್ತಿ ಬಂದು, ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಅವನ ಕಾಲಿಗೆ ಅಂಟಿಕೊಂಡಿತು.

ಇದನ್ನು ಅವನು ಹೇಳಿದ್ದು ಬೂಕನಕೆರೆಯ ಪುಟ್ಟಸ್ವಾಮಿಯವರ ಜಗುಲಿಯ ಮೇಲೆ, ಹೆಣ್ಣು ನೋಡಲು ಹೋದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದ್ದಕ್ಕೆ, ತೊಣ್ಣೂರಿನಲ್ಲಿ ಕಬ್ಬಿನ ಟ್ರಾಕ್ಟರು ಓಡಿಸುತ್ತೇನೆ ಎಂದಿದ್ದರೆ ಸಾಕಿತ್ತು. ಆದರೆ ಅವರ ಮಗಳು ರಂಜಿತ ಕಾಫಿ ಕೊಟ್ಟು ಒಮ್ಮೆ ಕಣ್ಣೆತ್ತಿ ನೋಡಿದಳು. ಆ ನೋಟಕ್ಕೆ ಟ್ರಾಕ್ಟರು ಸಾಲದು ಅನ್ನಿಸಿ, ಚಲುವರಾಜುವಿನ ನಾಲಿಗೆ ತಾನೇ ಹೋಗಿ ರೇಸ್ ಕಾರು ಹತ್ತಿತು.

“ನೆರಳಿಗೆ ಟಿಕೆಟ್ ಯಾರು ತಗಂಡ್ರು?” ಎಂದಳು ರಂಜಿತ.

“ಕಂಡಕ್ಟ್ರು ನಮ್ಮೋನೇಯ.”

ಪುಟ್ಟಸ್ವಾಮಿ ನಗಲಿಲ್ಲ. “ಶಿವರಾತ್ರಿ ಕಳುದ್ಮೇಲೆ ನಾಗಮಂಗ್ಲದ ತಾವ ಬತ್ತೋದ ಕೆರೇಲಿ ಕಾರ್ ರೇಸ್ ಮಡಗವ್ರಂತೆ. ನೀವೂ ಓಡ್ಸಿ. ಮಗೀನೂ ಕರ್ಕಂಡು ಬತ್ತೀನಿ. ಇವ್ಳು ಕಣ್ಣಾರೆ ನೋಡಿ ಊಂ ಅಂದ್ರೆ ಅಲ್ಲೇ ವೀಳ್ಯ ಬದ್ಲಾಯ್ಸವ. ಇಲ್ದಿದ್ರೆ ನಿಮ್ ದಾರಿ ನಿಮ್ಗೆ.”

ಚಲುವರಾಜುವಿನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ಕಲ್ಲಾಯಿತು. ಅವನು ಅಲ್ಲಿಯವರೆಗೆ ಕಾರಿನ ಸ್ಟೇರಿಂಗು ಮುಟ್ಟಿದವನೇ ಅಲ್ಲ.

ಅಲ್ಲಿಂದ ನೇರ ಶ್ರೀರಂಗಪಟ್ಟಣಕ್ಕೆ, ಗೆಳೆಯ ಇಮಾಮನ ಗ್ಯಾರೇಜಿಗೆ ಓಡಿದ. ಇಮಾಮ್ ಗುಜರಿಗೆ ಬಿದ್ದಿದ್ದ ಹಳೆಯ ಫಿಯಟ್ ಒಂದನ್ನು ಅದೇ ರೇಸಿಗಾಗಿ ಬದುಕಿಸಿಟ್ಟಿದ್ದ. ಆದರೆ ಸ್ಟಾರ್ಟ್ ಮಾಡಲು ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ತಿರುಗಿ ಒದ್ದು, ಅವನ ಕೈ ಮುರಿದು ಪಟ್ಟಿ ಬಿದ್ದಿತ್ತು.

“ನನ್ ಕೈ ಮುರುದು ಆ ಅಲ್ಲಾನೇ ನಿನ್ ಮಾನ ಉಳಿಸ್ತಾವ್ನೆ,” ಎಂದ ಇಮಾಮ್. “ಕಾರು ತಗೋ. ಕಲ್ಸೋದು ಮಾತ್ರ ನಮ್ಮಮ್ಮಿ.”

ಇಮಾಮನ ತಾಯಿ ಫಕ್ರುನ್ನೀಸಾ ಸ್ಟೇರಿಂಗು ಹಿಡಿದವರಲ್ಲ. ಗಂಡ ಟ್ಯಾಕ್ಸಿ ಓಡಿಸುತ್ತಿದ್ದಷ್ಟು ಕಾಲವೂ ಹಿಂದಿನ ಸೀಟಿನಲ್ಲಿ ಕೂತು ಆ ಗಂಡನನ್ನು ಓಡಿಸಿದವರು. ಆಕೆ ಒಮ್ಮೆ ಗದರಿದರೆ ಎದುರು ಬರುವ ಲಾರಿಯಿರಲಿ, ಕರಿಘಟ್ಟದ ಮೇಲಿನ ಕೋತಿಗಳೂ ಎಡಕ್ಕೆ ಸರಿದು ದಾರಿ ಬಿಡುತ್ತಿದ್ದವು.

ಆ ಬೆಟ್ಟದ ಕೆಳಗೆ ಕಬ್ಬು ಕಡಿದು ಗಟ್ಟಿಯಾಗಿದ್ದ ಬಯಲಿನಲ್ಲಿ ಹಳೆಯ ಟೈರುಗಳನ್ನಿಟ್ಟು ತಿರುವು ಮಾಡಿಕೊಂಡರು. ಫಕ್ರುನ್ನೀಸಾ ಹಿಂದೆ ಕೂತು ವೀಳ್ಯದೆಲೆಗೆ ಸುಣ್ಣ ಸವರತೊಡಗಿದರು. ಕಾರು ಕುಲುಕಿ ಸುಣ್ಣ ಎಲೆ ಬಿಟ್ಟು ಮೂಗಿಗೆ ತಾಗಿದರೆ ಪಾಠ ಮತ್ತೆ ಮೊದಲಿನಿಂದ. ಮೊದಲ ಸಂಜೆ ಆಕೆ ಕೆಳಗಿಳಿದಾಗ ಯುಗಾದಿಗೆ ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿದ್ದರು.

“ತಿರುವು ಬಂದ್ಮೇಲೆ ಬ್ರೇಕ್ ತುಳಿಯೋನು ಸೋಂಬೇರಿ ಕಣೋ ಬೇಟಾ! ಮುಂಚೇನೇ ತುಳಿ, ಬುಟ್ಬುಡು, ಆಮ್ಯಾಕೆ ತಿರುಗ್ಸು. ತಿರುಗ್ತಾ ತಿರುಗ್ತಾ ಆಚೆ ದಾರಿ ನೋಡು. ಕಣ್ಣು ಹೋದ್ ಕಡೆ ಕಾರು ಹೋಯ್ತದೆ.”

ಕಣ್ಣಿನದೇ ತೊಂದರೆ. ನೇರ ದಾರಿ ಸಿಕ್ಕಿದ ಕೂಡಲೇ ಚಲುವರಾಜುವಿನ ಕತ್ತು ಹಿಂದಕ್ಕೆ ಹೊರಳುತ್ತಿತ್ತು. ಟ್ರಾಕ್ಟರಿನ ಹಿಂದೆ ಓಡಿ ಬಂದು ಕಬ್ಬು ಎಳೆಯುವ ಹುಡುಗರನ್ನು ಕಾದು ಕಾದು ಅಂಟಿದ ಚಟ. ಒಮ್ಮೆಯಂತೂ “ಯಾರ್ಲಾ ಅದು, ಬುಡ್ರಲಾ ಕಬ್ಬ!” ಎಂದು ಕೂಗಿಯೇಬಿಟ್ಟ.

“ಅರೆ, ಹಿಂದೆ ಇರೋಳು ನಾನು!” ಎಂದರು ಫಕ್ರುನ್ನೀಸಾ. “ನನ್ನ ಯಾವೋನು ಎಳ್ಕಂಡು ಹೋಯ್ತಾನೆ? ಮುಂದೆ ನೋಡೋ!”

ಬೈಸಿಕೊಂಡು ಬೈಸಿಕೊಂಡು ಒಂದು ಸಂಜೆ ಅದು ಕೂಡಿಬಂತು. ಟೈರು ಇನ್ನೂ ದೂರವಿರುವಾಗಲೇ ಬ್ರೇಕಿಗೆ ಕಾಲು ಹೋಯಿತು. ಫಿಯಟ್ ಮೂತಿ ತಗ್ಗಿಸಿ, ಹಿಂಭಾಗವನ್ನು ಸ್ವಲ್ಪವೇ ಬಳುಕಿಸಿ, ಕುಂಬಾರನ ಕೈಯಲ್ಲಿ ಮಡಕೆಯ ಅಂಚು ತಿರುಗುವಷ್ಟು ನಯವಾಗಿ ತಿರುಗಿ, ಆಚೆ ದಾರಿ ಕಂಡೊಡನೆ ಚಿಮ್ಮಿತು. ಅದನ್ನು ನೋಡಲು ಕಾವೇರಿ ಅರೆಗಳಿಗೆ ನಿಂತು ಆಮೇಲೆ ಹರಿಯಿತು. ಚಲುವರಾಜು ಎಷ್ಟೋ ಬೊಗಳೆ ಬಿಟ್ಟಿದ್ದ. ಆದರೆ ಆ ಒಂದು ತಿರುವಿನ ಮುಂದೆ ಅವೆಲ್ಲ ಸಪ್ಪೆ ಅನ್ನಿಸಿದವು. ಹಿಂದೆ ಫಕ್ರುನ್ನೀಸಾ ಮಡಿಸಿದ ಎಲೆಯನ್ನು ನೇರ ಬಾಯಿಗಿಟ್ಟುಕೊಂಡರು. “ಶಾಬಾಶ್,” ಎಂದರು. ಮೂಗಿನ ಮೇಲೆ ಚುಕ್ಕೆಯಷ್ಟೂ ಸುಣ್ಣವಿರಲಿಲ್ಲ.

ರೇಸಿನ ದಿನ ಕೆರೆಯಂಗಳದಲ್ಲಿ ನಾಲ್ಕು ತಾಲ್ಲೂಕಿನ ಜನ, ಐದು ಕಾರು. ಏರಿಯ ಮೇಲೆ ಪುಟ್ಟಸ್ವಾಮಿ, ಪಕ್ಕದಲ್ಲಿ ರಂಜಿತ. ಹಿಂದಿನ ಸೀಟಿನಲ್ಲಿ ಯಾರೂ ಇರಬಾರದು ಎಂದು ರೇಸು ನಡೆಸುವವರು ಹೇಳಿದರು. ಅದಕ್ಕೆ ಫಕ್ರುನ್ನೀಸಾ ಕೊಟ್ಟ ಉತ್ತರವನ್ನು ಬರೆಯುವಂತಿಲ್ಲ. ಆಕೆ ಕೂತರು ಅನ್ನುವುದಷ್ಟೇ ಇಲ್ಲಿಗೆ ಸಾಕು.

ಬಾವುಟ ಬಿತ್ತು. ಎದ್ದ ಧೂಳಿಗೆ ಸೂರ್ಯನೇ ಎರಡು ಸಲ ಸೀನಿದ. ಮೊದಲ ತಿರುವಿನಲ್ಲಿ ಒಂದು ಕಾರು ಹಿಂದೆ ಬಿತ್ತು, ಎರಡನೆಯದರಲ್ಲಿ ಇನ್ನೊಂದು, ಮೂರನೆಯದರಲ್ಲಿ ಮತ್ತೊಂದು. ಒಂದೊಂದು ತಿರುವನ್ನೂ ಫಿಯಟ್ ಬೆಣ್ಣೆಯಂತೆ ಸೀಳಿತು. ಏರಿಯ ಮೇಲಿನ ಜನ ಶಿಳ್ಳೆ ಹೊಡೆದರು. ನೇರ ದಾರಿ ಬಂದಾಗ ಮಾತ್ರ ಕತ್ತು ಹೊರಳುತ್ತಿತ್ತು, ಆಕೆಯ ಬೈಗುಳಕ್ಕೆ ಮತ್ತೆ ಮುಂದಕ್ಕೆ ಬರುತ್ತಿತ್ತು. ಕೊನೆಯ ಸುತ್ತಿನಲ್ಲಿ, ಎರಡನೆಯವನಾಗಿ ನುಗ್ಗುತ್ತ, ಗೆಲುವಿನ ಗೆರೆ ಎದುರಿಗೆ ಕಾಣುತ್ತಿದ್ದಾಗ, ಮತ್ತೆ ಹಿಂದೆ ತಿರುಗಿದ. ಫಿಯಟ್ ಅಂಚಿನಲ್ಲಿ ಪೇರಿಸಿದ್ದ ಕಬ್ಬಿನ ಸೋಗೆಯ ಹೊರೆಗೆ ಮೂತಿ ಹಾಕಿತು. ಅದನ್ನು ಬಿಡಿಸಿಕೊಂಡು ಗೆರೆ ದಾಟುವಾಗ ಮೂರನೆಯವನು.

ತಲೆಯ ಮೇಲೆ ಸೋಗೆ ಹೊತ್ತು ಇಳಿದವನ ಎದುರಿಗೆ ರಂಜಿತ ಬಂದು ನಿಂತಳು.

“ತಿರುವು ಸಂದಾಗಿ ತಿರುಗುಸ್ತೀರ. ಆದ್ರೆ ಗಳ್ಗೆಗೊಂದು ಸಲ ಹಿಂದ್ಕ್ ಯಾಕ್ ನೋಡ್ತೀರ?”

“ಹಿಂದ್ ಬರೋರು ಪಾಪ ದಾರಿ ತಪ್ಪುಸ್ಕಬುಟ್ಟಾರು ಅಂತ...”

“ನಮ್ ಗದ್ದೆ ಕಬ್ಬು ಸಾಗ್ಸೋ ಟ್ರಾಕ್ಟ್ರು ಡ್ರೈವರ್ರೂ ಇಂಗೇ ನೋಡ್ತಾರೆ, ಐಕ್ಳು ಕಬ್ಬು ಎಳ್ಕಂಡಾವು ಅಂತ.”

ಚಲುವರಾಜು ಓಡಿ ಬಂದಿದ್ದ ಇಮಾಮನ ಕಡೆ ನೋಡಿದ. ಇಮಾಮ್ ತನ್ನ ಕೈಯ ಪಟ್ಟಿ ನೋಡಿಕೊಂಡ. ಫಕ್ರುನ್ನೀಸಾ ಮೂಗಿನ ಮೇಲಿನ ಸುಣ್ಣ ಒರೆಸಿಕೊಳ್ಳುತ್ತ, “ಹೇಳ್ಬುಡು ಬೇಟಾ,” ಎಂದರು. “ಮುಂದೆ ನೋಡ್ಕಂಡು ಹೇಳು.”

“ನಾನೂ ಟ್ರಾಕ್ಟ್ರು ಡ್ರೈವರ್ರೇ ಕಣ್ರಿ,” ಎಂದ ಚಲುವರಾಜು. “ಕಾರು ಮುಟ್ಟಿದ್ದು ನಿಮ್ ಮನೆಗ್ ಬಂದೋದ್ಮೇಲೆ. ಇವ್ರು ಕಲ್ಸುದ್ರು.”

ರಂಜಿತ ಅವನನ್ನೂ, ಸೋಗೆ ಕಚ್ಚಿಕೊಂಡು ನಿಂತ ಫಿಯಟ್ಟನ್ನೂ ಒಮ್ಮೆ ನೋಡಿದಳು. ಆಮೇಲೆ ಫಕ್ರುನ್ನೀಸಾರ ಚೀಲದಿಂದ ಎರಡು ಎಲೆ ತೆಗೆದು ಅಪ್ಪನ ಕೈಗಿಟ್ಟಳು. “ಇಷ್ಟೇ ದಿನ್ದಲ್ಲಿ ಕಲ್ತು ಇಂಗ್ ಓಡ್ಸವ್ರೆ ಕಣಪ್ಪ. ನಂದು ಊಂ.”

ಪುಟ್ಟಸ್ವಾಮಿ ಅಡಿಕೆಗಾಗಿ ಜೇಬು ತಡಕುತ್ತಿದ್ದಾಗ ಅವಳು ಮತ್ತೆ ಕೇಳಿದಳು: “ಅದಿರ್ಲಿ, ನಿಮ್ ನೆರಳು?”

ಚಲುವರಾಜು ತಲೆಯ ಮೇಲಿನ ಸೋಗೆ ತೆಗೆದ.

“ನೆರಳು ನನ್ ಜತೇಲೇ ಇತ್ತು. ಅವತ್ತು ಬಸ್ಸಲ್ ಬಂದೋನು ನಾನೇಯ.”